ಕನೆಕ್ಟರ್ ನನ್ನ ಜೇಬಿನಲ್ಲಿತ್ತು

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಅಂತ ಯಾರ ಕೈಕಾಲನ್ನೂ ಹಿಡಿಯುವುದಿಲ್ಲ. ನಾನು ದೆವ್ವ ಪಿಶಾಚಿಗೆ ಹೆದರುವ ಪೈಕಿಯಲ್ಲ. ಮೀಟರ್ ಇಟ್ಟು ನೋಡದೆ ಕರೆಂಟ್ ಇದೆ ಅಂತಲೂ ಒಪ್ಪದ, ಇಲ್ಲ ಅಂತಲೂ ಒಪ್ಪದ ಕಸುಬು ನನ್ನದು. ತೊಂದರೆ ಏನೆಂದರೆ, ಆ ರಾತ್ರಿ ನಾನು ಮೀಟರ್ ಇಟ್ಟೇ ನೋಡಿದ್ದೆ...

ನನ್ನ ಹೆಸರು ಶೇಖರ. ನಂಜನಗೂಡಿನಲ್ಲಿ ಸಣ್ಣದೊಂದು ರಿಪೇರಿ ಅಂಗಡಿ ಇದೆ. ಮೋಟಾರು ಕಟ್ಟುವವರು, ಫ್ರಿಜ್ಜು ಬಿಚ್ಚುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ನೋಡಿ ಕೈಬಿಟ್ಟ ಮಾಲು ನನ್ನ ಹತ್ತಿರ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕೆಟ್ಟೇ ಇರುವುದಿಲ್ಲ. ಬೆರಳು ತೂರದ ಯಾವುದೋ ಸಂದಿಯಲ್ಲಿ ವೈರಿಗೆ ವೈರು ಸೇರಿಸುವ ಒಂದು ಕನೆಕ್ಟರ್ ಇರುತ್ತದೆ, ಅದರೊಳಗೆ ಅಕ್ಕಿಕಾಳಿನಷ್ಟು ಹಿತ್ತಾಳೆಯ ತುದಿ, ಆ ತುದಿಯ ಮೇಲೆ ಕಿಲುಬು. ಅಷ್ಟಕ್ಕೇ ಇಡೀ ಮೆಷಿನ್ನು ಮುಷ್ಕರ ಹೂಡಿರುತ್ತದೆ.

ಆ ಕಿಲುಬನ್ನು ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಮೆಡಿಕಲ್ ಸ್ಟೋರಿನಲ್ಲಿ ಹಲ್ಲಿನ ಸಂದಿ ಉಜ್ಜುವ ಪುಟ್ಟ ಬ್ರಷ್ಷು ಸಿಗುತ್ತದಲ್ಲ, ಅದನ್ನು ತಂದಿಟ್ಟುಕೊಂಡಿದ್ದೇನೆ. ಹಳೆಯ ಲಗ್ನಪತ್ರಿಕೆಗಳನ್ನು ಕಡ್ಡಿಯಷ್ಟು ಸಣ್ಣಗೆ ಕತ್ತರಿಸಿ, ಕ್ಲೀನರ್ ಸ್ಪ್ರೇ ಹೊಡೆದು, ತುದಿಗಳ ನಡುವೆ ತೂರಿಸಿ ಎಳೆಯುತ್ತೇನೆ. ಕಾಗದ ಕಪ್ಪಾಗಿ ಹೊರಗೆ ಬರುತ್ತದೆ. ಬೆಳ್ಳಗೆ ಬರುವವರೆಗೂ ಎಳೆಯಬೇಕು. ಯಾರ ಯಾರ ಮದುವೆಯ ಪತ್ರಿಕೆಗಳೋ ಹೀಗೆ ನನ್ನ ಕೈಯಲ್ಲಿ ಸಾರ್ಥಕವಾಗಿವೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಹೋಗುವವನು ನಾನು. ಯಾರೋ ಏನೋ ಅಂತ ಹೆಂಡತಿ ಸುಧಾ ಹೆದರಬಾರದೆಂದು ಮನೆಯ ಬೆಲ್ಲನ್ನು ಒಂದೇ ಥರ ಒತ್ತುತ್ತೇನೆ. ಮೂರು ಸಲ ಚಿಕ್ಕದಾಗಿ, ಆಮೇಲೆ ಒಂದು ಸಲ ಉದ್ದಕ್ಕೆ. ಅದು ಕೇಳಿದರೆ ಅವಳು ಕಿಟಕಿಯಲ್ಲಿ ಇಣುಕದೆ ನೇರ ಬಂದು ಬಾಗಿಲು ತೆಗೆಯುತ್ತಾಳೆ. ಮದುವೆಯಾದಾಗಿನಿಂದ ಬಂದ ಅಭ್ಯಾಸ.

ಹೋದ ವರ್ಷದ ಕಥೆ ಇದು. ಗುರುಮಲ್ಲಪ್ಪ ಅಂತ ಬಾಳೆಕಾಯಿ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. ಟಿ. ನರಸೀಪುರ ದಾಟಿ ಮೂಗೂರು ಕಡೆ ಹೋಗುವ ರಸ್ತೆಯಲ್ಲಿ ಅವರದೊಂದು ಚೇಂಬರ್ ಇದೆ. ಚೇಂಬರ್ ಅಂದರೆ ಕಾಯಿ ಮಾಗಿಸುವ ಕೋಣೆ. ನಾಲ್ಕೂ ಕಡೆ ತಗಡು, ತಗಡಿನ ನಡುವೆ ನಾಲ್ಕು ಬೆರಳು ದಪ್ಪ ಥರ್ಮಾಕೋಲು, ಒಳಗೆ ತಣ್ಣನೆಯ ಗಾಳಿ. ಕ್ರೇಟುಗಳಲ್ಲಿ ಪಚ್ಚಬಾಳೆ ತುಂಬಿ, ಗ್ಯಾಸ್ ಬಿಟ್ಟು, ಗಾಳಿಯಾಡದ ಹಾಗೆ ಬಾಗಿಲು ಎಳೆದುಬಿಟ್ಟರೆ ನಾಲ್ಕೈದು ದಿನಕ್ಕೆ ಬಂಗಾರದ ಬಣ್ಣ.

ಅಂಥ ಕೋಣೆಯೊಳಗೆ ಅಕಸ್ಮಾತ್ ಯಾರಾದರೂ ಸಿಕ್ಕಿಕೊಂಡರೆ ಒತ್ತಲಿ ಅಂತ ಬಾಗಿಲ ಪಕ್ಕ ಒಂದು ಗುಂಡಿ ಇರುತ್ತದೆ. ಒತ್ತಿದರೆ ಹೊರಗೆ ಬೆಲ್ ಹೊಡೆಯುತ್ತದೆ. ಗುರುಮಲ್ಲಪ್ಪನವರ ದೂರು ಆ ಬೆಲ್ಲಿನ ಬಗ್ಗೆ.

"ಶೇಖ್ರು, ನೀನೊಂದ್ಸಲಿ ಬಂದೋಗಪ್ಪ. ಎಲೆಕ್ಟ್ರಿಷಿಯನ್ನು ಇಬ್ರು ಬಂದೋದ್ರು. ರಾತ್ರಿ ಎರಡೂವರೆ ಮೂರು ಗಂಟೆ ಒಳಗೆ ತನ್ನಷ್ಟಕ್ಕೆ ಒಡ್ಕತದೆ ಕಣಯ್ಯ ಅದು. ಒಳಗೆ ಒಂದು ನರಪಿಳ್ಳೆ ಇಲ್ಲ! ವಾಚ್‌ಮನ್ನು ಕೆಲ್ಸ ಬಿಟ್ಟೋಯ್ತೀನಿ ಅಂತ ಕುಂತವ್ನೆ."

"ಅಷ್ಟು ಕಾಟ ಕೊಡ್ತಿದ್ರೆ ಬೆಲ್ಲೇ ಕಿತ್ತಾಕಿ" ಎಂದೆ.

"ಆಫೀಸ್ನೋರು ನೋಡಕ್ ಬಂದ್ರೆ ಇರ್ಬೇಕಲ್ಲಪ್ಪ."

ನಾನು ನಕ್ಕೆ. ಥಂಡಿ ಜಾಗ, ತೇವ ಕೂತಿರುತ್ತದೆ, ಎಲ್ಲೋ ಶಾರ್ಟ್ ಆಗುತ್ತಿರುತ್ತದೆ ಅಂದುಕೊಂಡೆ. ಹಗಲಲ್ಲಿ ಬಂದು ನೋಡುತ್ತೇನೆ ಎಂದರೆ ಅದು ಆಗುವ ಹಾಗಿರಲಿಲ್ಲ. ಗ್ಯಾಸ್ ಬಿಟ್ಟ ಮೇಲೆ ಒಂದು ಹಗಲು ಒಂದು ರಾತ್ರಿ ಬಾಗಿಲು ತೆಗೆಯುವಂತಿಲ್ಲ. ಆಮೇಲೆ ಒಂದಷ್ಟು ಹೊತ್ತು ತೆರೆದು ಗಾಳಿಯಾಡಿಸಬೇಕು. ಮುಂದಿನ ಲೋಡಿಗೆ ಗಾಳಿಯಾಡಿಸುವ ಸರದಿ ಬಂದದ್ದು ರಾತ್ರಿ ಎರಡು ಗಂಟೆಗೆ. "ಬೆಲ್ಲು ಒಡಿಯೋದನ್ನೂ ನೋಡ್ದಂಗಾಯ್ತದೆ ಬಾ" ಎಂದರು.

ನಾಲ್ಕು ದಿನದ ನಂತರ ಹೋದೆ. ಗೇಟಿನ ಹತ್ತಿರ ನಾನು ಬೈಕು ನಿಲ್ಲಿಸಿದಾಗ ಒಂದೂವರೆ ದಾಟಿತ್ತು. ಸುತ್ತ ಗದ್ದೆಬಯಲು. ನಾಲೆಯ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ವಾಚ್‌ಮನ್ ಮಾದಯ್ಯನ ಗೂಡು ಗೇಟಿನ ಪಕ್ಕದಲ್ಲೇ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ತಲೆಗೆ ಮಫ್ಲರು. ಗೂಡಿಗೆ ಒರಗಿಸಿದ್ದ ಸೈಕಲ್ಲಿನ ಬೆಲ್ಲನ್ನು ಟ್ರಿಣ್ ಟ್ರಿಣ್ ಅಂತ ಎರಡು ಸಲ ಒತ್ತಿ, ತಡೆದು, ಮತ್ತೆ ಎರಡು ಸಲ ಒತ್ತಿದ. ಕತ್ತಲಿನಿಂದ ಒಂದು ಕೆಂದು ನಾಯಿ ಓಡಿ ಬಂತು. ಊಟದ ಡಬ್ಬಿಯ ತಳದಲ್ಲಿದ್ದ ಮುದ್ದೆಯ ಚೂರನ್ನು ಅದರ ಮುಂದೆ ಹಾಕಿದ.

"ಕರುದ್ರೆ ಬರಕಿಲ್ಲ ಸಾ ಇದು. ಬೆಲ್ಲೊಡುದ್ರೆ ಎಲ್ಲಿದ್ರೂ ಓಡ್‌ಬತ್ತದೆ."

"ನಿಮ್ಮ ಆ ಇನ್ನೊಂದು ಬೆಲ್ಲಿನ ವಿಷಯ ಹೇಳಿ" ಎಂದೆ.

ಅವನ ಮುಖ ಸಣ್ಣಗಾಯಿತು. ಮೊದಮೊದಲು ಬೆಲ್ ಕೇಳಿದಾಗಲೆಲ್ಲ ಓಡಿಹೋಗಿ ಬಾಗಿಲು ತೆಗೆದನಂತೆ. ಒಳಗೆ ಬರೀ ಕಾಯಿ. ಐದಾರು ದಿನ ಹೀಗಾದ ಮೇಲೆ ಗುರುಮಲ್ಲಪ್ಪನವರು ಬೈದರಂತೆ. ಸುಮ್ಮಸುಮ್ಮನೆ ಬಾಗಿಲು ತೆಗೆದರೆ ಗ್ಯಾಸ್ ಹೋಗುತ್ತದೆ, ಹೊಡೆದರೆ ಹೊಡೆದುಕೊಳ್ಳಲಿ, ಇನ್ನು ತೆಗೆಯಬೇಡ ಅಂತ. ಅವತ್ತಿನಿಂದ ಬೆಲ್ ಹೊಡೆದಾಗ ಇವನು ಕಂಬಳಿ ಹೊದ್ದು ಕಿವಿ ಮುಚ್ಚಿಕೊಂಡು ಬೆಟ್ಟದ ಮಾದಪ್ಪನನ್ನು ನೆನೆಯುತ್ತಾ ಕೂರುತ್ತಾನಂತೆ.

"ತಮಾಸೆ ಏನ್ ಗೊತ್ತಾ ಸಾ? ಒತ್ತುದ್ರೆ ಒಡಿಯಕಿಲ್ಲ. ಒತ್ತದೆ ಇದ್ರೆ ಒಡ್ಕತದೆ."

"ಒತ್ತಿದ್ರೆ ಯಾಕೆ ಹೊಡೆಯಲ್ಲ?"

ಅವನು ತಲೆ ಕೆರೆದುಕೊಂಡ. ಹಿಂದೊಮ್ಮೆ ನೋಡಲು ಬಂದ ಆಫೀಸಿನವರು ಗುಂಡಿ ಒತ್ತಿದಾಗ ಸರಿಯಾಗಿ ಹೊಡೆಯಲಿಲ್ಲವಂತೆ. ಕಿಲುಬು ಹಿಡಿದಿದೆ, ಕ್ಲೀನ್ ಮಾಡಿಸು ಅಂದರಂತೆ. ಧಣಿಗಳು ಆ ಕೆಲಸವನ್ನು ಇವನಿಗೇ ಹೇಳಿದರು.

"ಉಣ್ಸೆಅಣ್ಣು ಅಚ್ಚಿ ಉಜ್ಜುದೆ ಸಾ. ದೇವ್ರ ದೀಪ ಬೆಳುಗ್ದಂಗೆ. ಪಳಪಳ ಅಂತಿತ್ತು! ಒಂದಿನ ಚೆಂದಾಗ್ ಒಡೀತು. ಆಮೇಕೆ ನಿಂತೇ ಓಯ್ತು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹುಣಸೆಹಣ್ಣಿನಲ್ಲಿ ಉಜ್ಜಿದ ದೀಪವನ್ನು ಆಮೇಲೆ ನೀರಿನಲ್ಲಿ ತೊಳೆದು ಒರೆಸುತ್ತೇವೆ. ಕನೆಕ್ಟರ್ ಒಳಗೆ ಆ ಹುಳಿ ಹಾಗೇ ಕೂತರೆ ವಾರದಲ್ಲಿ ಮೊದಲಿನದಕ್ಕಿಂತ ದಪ್ಪ ಕಿಲುಬು ಕಟ್ಟುತ್ತದೆ. ಪಾಪ, ಅವನು ಭಕ್ತಿಯಿಂದಲೇ ಕೆಡಿಸಿದ್ದ.

"ಅದು ಎಂಗೆ ಒಡ್ಕತದೆ ಅಂದ್ರೆ ಸಾ, ಮೊದ್ಲಿಗೆ..." ಎಂದು ಅವನು ಏನೋ ತೋರಿಸಲು ಕೈ ಎತ್ತಿದ.

"ಹೆಂಗೆ ಹೊಡೆದ್ರೂ ಬೆಲ್ ಬೆಲ್ಲೇ ಬಿಡಿ ಮಾದಯ್ಯ" ಎಂದು ಅವನ ಬಾಯಿ ಮುಚ್ಚಿಸಿದೆ. ನನಗೆ ಮೊದಲಿನಿಂದಲೂ ಈ ಕೆಟ್ಟ ಬುದ್ಧಿ. ಎದುರಿಗಿರುವವರ ಮಾತು ಮುಗಿಯುವಷ್ಟರಲ್ಲಿ ನನ್ನ ತೀರ್ಪು ಮುಗಿದಿರುತ್ತದೆ.

ಎರಡು ಗಂಟೆಗೆ ಇಬ್ಬರೂ ಸೇರಿ ಚೇಂಬರಿನ ಬಾಗಿಲು ಎಳೆದೆವು. ಪಕ್ಕಕ್ಕೆ ಜಾರುವ ಭಾರದ ಬಾಗಿಲು. ಒಳಗಿನಿಂದ ಗಾಳಿ ಮುಖಕ್ಕೆ ಬಂದು ಬಡಿಯಿತು. ಹಸಿ ಸಿಪ್ಪೆಯ ವಾಸನೆ, ಅದರ ಹಿಂದೆಯೇ ಹುಳಿ ಹುಳಿಯಾದ, ಸಿಹಿಯಾದ ಇನ್ನೇನೋ ಒಂದು. ನೆಲದಿಂದ ಚಾವಣಿಯವರೆಗೆ ಕ್ರೇಟಿನ ಮೇಲೆ ಕ್ರೇಟು. ನಡುವೆ ಒಬ್ಬ ಅಡ್ಡಡ್ಡ ಹೋಗುವಷ್ಟು ಜಾಗ.

ಬಾಗಿಲ ಒಳಗಡೆಯ ಹಿಡಿಕೆ ಮುರಿದು ಬಿದ್ದುಹೋಗಿತ್ತು. ಒಳಗಿನಿಂದ ತೆಗೆಯಲು ಇರುವ ಹಿಡಿಕೆ ಅದೊಂದೇ.

"ಇದ್ಯಾಕೆ ಹೀಗಿದೆ?"

"ಒಸಾದು ಮೈಸೂರಿಂದ ಬರ್ಬೇಕಂತೆ ಸಾ."

ಬಾಗಿಲ ಹಳಿ ಸ್ವಲ್ಪ ಇಳಿಜಾರು. ಕೈಬಿಟ್ಟರೆ ತಾನಾಗಿ ಬಂದು ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅಲ್ಲಿಯ ಹಮಾಲರು ಮಾಡುವ ಉಪಾಯವನ್ನೇ ಮಾದಯ್ಯ ಮಾಡಿದ. ಕಾಯಿ ಬಿಡಿಸಿ ಬಿಸಾಡಿದ್ದ ಬಾಳೆಗೊನೆಯ ದಿಂಡೊಂದನ್ನು ತಂದು ಹಳಿಯ ಮೇಲೆ ಅಡ್ಡ ಇಟ್ಟ. ನಾನೂ ಕಾಲಿನಲ್ಲಿ ಒದ್ದು ನೋಡಿದೆ. ಗಟ್ಟಿಯಾಗಿಯೇ ಇತ್ತು.

ಮಾದಯ್ಯ ಅಲ್ಲಿ ನಿಲ್ಲಲಾರದೆ ನಿಂತಿದ್ದ. ಗಳಿಗೆಗೊಮ್ಮೆ ಬೆಲ್ಲಿನ ಕಡೆ ನೋಡುತ್ತಿದ್ದ. ನನಗೆ ಕಿರಿಕಿರಿಯಾಯಿತು.

"ನೀವು ಹೋಗಿ ಗೂಡಲ್ಲಿ ಕೂತ್ಕೊಳ್ಳಿ. ಬೆಲ್ ಹೊಡೆದ್ರೆ ಗಾಬರಿ ಆಗ್ಬೇಡಿ, ಟೆಸ್ಟ್ ಮಾಡ್ತಿರ್ತೀನಿ. ನಾನೇ ಬಂದು ಕರೆಯೋವರ್ಗೂ ಈ ಕಡೆ ಬರ್ಲೇಬೇಡಿ."

ಈ ಮಾತನ್ನು ನಾನೇ ಆಡಿದ್ದು. ನನ್ನ ಈ ಬಾಯಿಂದಲೇ ಆಡಿದ್ದು.

"ಆಯ್ತು ಸಾ" ಎಂದು ಅವನು ಬದುಕಿದೆನೆಂಬಂತೆ ಹೊರಟ.

ಗುಂಡಿಯ ಕನೆಕ್ಟರ್ ಇದ್ದದ್ದು ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಮೊದಲ ಕ್ರೇಟಿನ ಸಾಲಿಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಖಾಲಿ ಕ್ರೇಟೊಂದರ ಮೇಲೆ ಹತ್ತಿ, ಎಡಭುಜವನ್ನು ಗೋಡೆಗೆ ಒತ್ತಿ ನಿಂತರೆ ಬಲಗೈಯ ಎರಡು ಬೆರಳು ಮಾತ್ರ ತೂರುವ ಜಾಗ. ಹಣೆಗೆ ಕಟ್ಟಿದ್ದ ಟಾರ್ಚಿನ ಬೆಳಕಿನಲ್ಲಿ ಮುಚ್ಚಳ ತೆಗೆದೆ.

ಒಳಗೆ ಹಸಿರೋ ಹಸಿರು. ಬೆಂಕಿಪೆಟ್ಟಿಗೆಯ ಅರ್ಧದಷ್ಟು ಗಾತ್ರದ ಕನೆಕ್ಟರ್, ನಾಲ್ಕು ತೂತು, ನಾಲ್ಕಕ್ಕೂ ಕಿಲುಬು ತುಂಬಿ ಮುಚ್ಚಿಹೋಗಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ಮೀಟರ್ ಇಟ್ಟೆ. ಏನೂ ಇಲ್ಲ. ಮೀಟರಿನ ಮುಳ್ಳಿನಂಥ ಪ್ರೋಬನ್ನು ಒತ್ತಿ ಹಿಡಿದು ಮತ್ತೆ ನೋಡಿದೆ. ಊಹೂಂ...

ಆಗ ಮೊದಲ ಬಾರಿಗೆ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ತೇವಕ್ಕೆ ಶಾರ್ಟ್ ಆಗಿ ಬೆಲ್ ಹೊಡೆಯುತ್ತಿದೆ ಎಂಬುದು ನನ್ನ ಲೆಕ್ಕಾಚಾರ. ಇಲ್ಲಿ ನೋಡಿದರೆ ಹನಿ ಕರೆಂಟೂ ಹಾಯುವಂತಿಲ್ಲ. ಗುಂಡಿ ಒತ್ತಿದರೂ ಸರಿ, ಶಾರ್ಟ್ ಆದರೂ ಸರಿ, ಈ ಕನೆಕ್ಟರ್ ಮೂಲಕ ಆ ಬೆಲ್ ಹೊಡೆಯಲು ಸಾಧ್ಯವೇ ಇರಲಿಲ್ಲ.

ಹೊರಗಡೆ ಎಲ್ಲೋ ತಪ್ಪಿರಬೇಕು, ಇದನ್ನು ಮುಗಿಸಿ ಅದನ್ನು ನೋಡೋಣ ಎಂದು ಸಮಾಧಾನ ಮಾಡಿಕೊಂಡೆ. ಇದ್ದ ಜಾಗದಲ್ಲೇ ಬ್ರಷ್ ಆಡಿಸಿ ನೋಡಿದೆ, ಕೈ ತಿರುಗಲಿಲ್ಲ. ಬಿಚ್ಚಿ ತೆಗೆದು ಬೆಳಕಿನಲ್ಲಿ ಕೂತು ಉಜ್ಜುವುದೇ ವಾಸಿ ಎಂದು ಸ್ಕ್ರೂಗಳನ್ನು ಸಡಿಲಿಸಿದೆ. ಮೂರು ಬಿಟ್ಟವು. ನಾಲ್ಕನೆಯದು ಬಿಟ್ಟ ಕ್ಷಣ ಹೊರಗಿನ ಬೆಲ್ಲಿನಿಂದ ಬಂದಿದ್ದ ಎರಡು ವೈರು ಸರ್ರಂತ ಗೋಡೆಯೊಳಕ್ಕೆ ಜಾರಿಹೋದವು. ಬಿಗಿಯಾಗಿ ಎಳೆದು ಕಟ್ಟಿದ್ದರು ಅನ್ನಿಸುತ್ತದೆ. ಚಿಮಟ ಹಾಕಿ ಕೆದಕಿದೆ. ಥರ್ಮಾಕೋಲಿನ ಪುಡಿ ಬಂತೇ ಹೊರತು ವೈರು ಸಿಗಲಿಲ್ಲ. ಹೊರಗಡೆಯಿಂದಲೇ ತಳ್ಳಬೇಕು.

ಬೈದುಕೊಂಡು ಕನೆಕ್ಟರನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಕ್ರೇಟಿನಿಂದ ಇಳಿಯಲು ಒಂದು ಕಾಲು ಕೆಳಗಿಟ್ಟೆ.

ಪಚಕ್ ಅಂತ ಒಂದು ಸದ್ದು...

ಹಳಿಯ ಮೇಲಿದ್ದ ದಿಂಡು ಹೊಸಕಿಹೋಗಿತ್ತು. ಅದರ ರಸದಲ್ಲೇ ಜಾರಿ ಆಚೆ ಬಿತ್ತು. ಬಾಗಿಲು ನಿಧಾನವಾಗಿ, ಯಾರೋ ಎಚ್ಚರಿಕೆಯಿಂದ ತಳ್ಳುತ್ತಿದ್ದಾರೆ ಎನ್ನುವ ಹಾಗೆ ಬಂತು. ನಾನು ಹಾರಿ ಕೈ ಚಾಚುವಷ್ಟರಲ್ಲಿ ರಬ್ಬರು ರಬ್ಬರಿಗೆ ಕಚ್ಚಿಕೊಂಡಿತು. ಫ್ರಿಜ್ಜಿನಲ್ಲಿ ಆಗುವಂತೆ ಒಳಗಿನ ದೀಪವೂ ಆರಿತು.

ಹಣೆಯ ಟಾರ್ಚಿನ ಒಂದು ಬಿಲ್ಲೆ ಬೆಳಕು ಮಾತ್ರ ಉಳಿಯಿತು. ಮೊದಲು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಬಾಗಿಲನ್ನು ಅಂಗೈಯಿಂದ ಎಳೆದೆ, ಉಗುರು ಹಾಕಿ ಎಳೆದೆ, ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಹಿಡಿಕೆ ಇದ್ದ ಜಾಗದಲ್ಲಿ ಎರಡು ತೂತು ಮಾತ್ರ. "ಮಾದಯ್ಯಾ!" ಎಂದು ಕೂಗಿದೆ. ಒಳಗಿನ ದೊಡ್ಡ ಫ್ಯಾನು ಗುಂಯ್ಗುಟ್ಟುತ್ತಲೇ ಇತ್ತು, ನನ್ನ ಕೂಗು ನನಗೇ ಸರಿಯಾಗಿ ಕೇಳಲಿಲ್ಲ. ಫೋನ್ ತೆಗೆದೆ. ತಗಡಿನ ಡಬ್ಬಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು?

ಹಮಾಲರು ಬರುವುದು ಬೆಳಿಗ್ಗೆ ಎಂಟರ ಮೇಲೆ. ಅಲ್ಲಿಯವರೆಗೆ...

ಬಾಳೆಕಾಯಿ ಕಿತ್ತ ಮೇಲೂ ಉಸಿರಾಡುತ್ತಿರುತ್ತದೆ. ಈ ವಿಷಯ ಗೊತ್ತಿಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾಳಿಯನ್ನು ಎಳೆದುಕೊಂಡು ಕೆಟ್ಟ ಗಾಳಿಯನ್ನು ಬಿಡುತ್ತದೆ, ಮಾಗುವಾಗ ಇನ್ನೂ ಜಾಸ್ತಿ. ಅದಕ್ಕೇ ಗಾಳಿಯಾಡಿಸುವುದು. ಅಷ್ಟೂ ಕ್ರೇಟುಗಳಲ್ಲಿ ಸಾವಿರಾರು ಕಾಯಿ ಕತ್ತಲಲ್ಲಿ ಕೂತು ನನ್ನ ಪಾಲಿನ ಗಾಳಿಯನ್ನು ಕುಡಿಯುತ್ತಿವೆ ಎನ್ನುವುದು ತಲೆಗೆ ಹೊಕ್ಕ ಮೇಲೆ ನನಗೆ ನಿಜವಾದ ಹೆದರಿಕೆ ಶುರುವಾಯಿತು. ಸುಧಾ ನೆನಪಾದಳು. ಹೊರಡುವಾಗ ಯಾವುದೋ ಸಣ್ಣ ಮಾತಿಗೆ ಅವಳ ಮೇಲೆ ರೇಗಿದ್ದೆ.

ಟಾರ್ಚಿನ ಬೆಳಕು ಗುಂಡಿಯ ಮೇಲೆ ಬಿತ್ತು. ಕೆಂಪು ಗುಂಡಿ.

ಅದನ್ನು ಒತ್ತಿ ಪ್ರಯೋಜನವಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಒತ್ತಿದೆ. ಮುಳುಗುವವನ ಕೈ ಸುಮ್ಮನಿರುತ್ತದೆಯೇ? ಅಭ್ಯಾಸಬಲ, ಬೆರಳು ತಾನಾಗಿ ಮನೆಯ ಬೆಲ್ ಒತ್ತುವ ಹಾಗೆಯೇ ಒತ್ತಿತು. ಮೂರು ಚಿಕ್ಕದು. ಒಂದು ಉದ್ದ.

ಫ್ಯಾನಿನ ಸದ್ದಿನ ಆಚೆ, ಬಾಗಿಲ ಆಚೆ, ಬೆಲ್ ಹೊಡೆಯಿತು.

ಟಿಣ್... ಟಿಣ್... ಟಿಣ್... ಟ್ರೀಈಈಣ್.

ಒಂದು ಕ್ಷಣ ನನಗಾದ ಸಂತೋಷ ಹೇಳತೀರದು. "ಹಾ! ಮಾದಯ್ಯಾ!" ಎಂದು ಕಿರುಚಿ ಬಾಗಿಲು ಬಡಿದೆ. ಮತ್ತೆ ಒತ್ತಿದೆ. ಮತ್ತೆ ಹೊಡೆಯಿತು, ನಾನು ಒತ್ತಿದಷ್ಟೇ, ಒತ್ತಿದ ಹಾಗೆಯೇ. ಬಾಗಿಲಿಗೆ ಎದೆ ಒತ್ತಿ ನಿಂತಿದ್ದೆನಲ್ಲ, ಅಂಗಿಯ ಜೇಬಿನಲ್ಲಿ ಏನೋ ಗಟ್ಟಿಯಾಗಿ ಚುಚ್ಚಿತು.

ಕೈ ಹಾಕಿ ಹೊರತೆಗೆದೆ. ಕನೆಕ್ಟರ್. ನಾಲ್ಕೂ ತೂತುಗಳಲ್ಲಿ ಹಸಿರು ಕಿಲುಬು ಹಾಗೇ ಇತ್ತು.

ಗುಂಡಿಯಿಂದ ಕೈ ಕಿತ್ತುಕೊಂಡೆ. ಹೊರಗೆ ಸದ್ದು ನಿಂತಿತು. ಫೋನಿನಲ್ಲಿ ಎರಡು ಗಂಟೆ ನಲವತ್ತು ನಿಮಿಷ.

ನಾನು ಕಾದೆ. ಐದು ನಿಮಿಷ, ಏಳು ನಿಮಿಷ. ಮಾದಯ್ಯ ಬರಲಿಲ್ಲ. ಆಗ ನನ್ನದೇ ಮಾತು ನೆನಪಾಯಿತು. ಬೆಲ್ ಹೊಡೆದರೆ ಗಾಬರಿಯಾಗಬೇಡಿ, ಬರಲೇಬೇಡಿ... ಅಷ್ಟೇ ಅಲ್ಲ. ಈ ಹೊತ್ತಿಗೆ ಬೆಲ್ ಹೊಡೆದರೆ ಬಾಗಿಲು ತೆಗೆಯಬಾರದು ಎಂದು ಅವನಿಗೆ ಧಣಿಯ ಅಪ್ಪಣೆಯಿದೆ. ಇಷ್ಟು ದಿನಗಳಿಂದ ಅದು ಅವನಿಗೆ ರೂಢಿಯಾಗಿದೆ. ಅವನು ಈಗ ಕಂಬಳಿ ಹೊದ್ದು ಕಿವಿ ಮುಚ್ಚಿ ಕೂತಿದ್ದಾನೆ. ಬೆಳಗಿನವರೆಗೂ ಒತ್ತಿದರೂ ಅವನು ಬರುವುದಿಲ್ಲ.

ನೆಲದ ಮೇಲೆ ಕೂತೆ. ಅತ್ತುಬಿಟ್ಟೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಳುತ್ತಲೇ ಮೇಲೆ ನೋಡಿದಾಗ ಫ್ಯಾನಿನ ಪಕ್ಕ ಇನ್ನೊಂದು ಪುಟ್ಟ ಪೆಟ್ಟಿಗೆ ಕಂಡಿತು. ಕೋಣೆಯ ಶಾಖ ಅಳೆಯುವ ಸೆನ್ಸರಿನದು. ಇಂಥ ಚೇಂಬರುಗಳಲ್ಲಿ ಅದು ಕೈಕೊಟ್ಟರೆ ಧಣಿಯ ಫೋನಿಗೆ ಮೆಸೇಜು, ಕರೆ ಎಲ್ಲ ಹೋಗುತ್ತದೆ. ಬೆಲ್ಲಿಗೆ ಬಗ್ಗದ ಗುರುಮಲ್ಲಪ್ಪನವರು ಬಾಳೆಕಾಯಿಗೆ ಬಗ್ಗುತ್ತಾರೆ! ಕ್ರೇಟುಗಳ ಸಾಲನ್ನು ಕೋತಿಯ ಹಾಗೆ ಹತ್ತಿದೆ. ಚಾವಣಿಗೂ ಮೇಲಿನ ಕ್ರೇಟಿಗೂ ನಡುವೆ ಮೊಳದಷ್ಟು ಜಾಗ, ಹೊಟ್ಟೆಯ ಮೇಲೆ ತೆವಳಬೇಕು. ಕಾಯಿಗಳು ಎದೆಯ ಕೆಳಗೆ ಬೆಚ್ಚಗಿದ್ದವು. ತೆವಳುವಾಗ ಎರಡು ಸಲ ಟಾರ್ಚು ಜಾರಿ ಕಣ್ಣು ಕತ್ತಲಾಯಿತು. ನನ್ನ ಹಿಂದೆ ಇನ್ನೂ ಯಾರೋ ತೆವಳುತ್ತಿದ್ದಾರೆ ಅನ್ನಿಸಿ ಒಮ್ಮೆ ನಿಂತೆ. ಆ ಸದ್ದೂ ನಿಂತಿತು... ನನ್ನದೇ ಅಂಗಿಯ ಸದ್ದು ಇರಬೇಕು. ತಿರುಗಿ ನೋಡುವಷ್ಟು ಜಾಗ ಇರಲಿಲ್ಲ, ಧೈರ್ಯವಂತೂ ಇರಲೇ ಇಲ್ಲ.

ಸೆನ್ಸರಿನ ಕನೆಕ್ಟರನ್ನು ಹಿಡಿದು ಕಿತ್ತೆ. ಜೀವನವಿಡೀ ಕನೆಕ್ಟರ್ ಸೇರಿಸುವ ಕೆಲಸ ಮಾಡಿದವನು, ಅವತ್ತು ಒಂದನ್ನು ಕಿತ್ತು ದೇವರೇ ಎಂದೆ.

ಬಾಗಿಲು ತೆರೆದುಕೊಂಡಾಗ ಮೂರೂಕಾಲು. ಮಾದಯ್ಯ ಕಿವಿಗೆ ಫೋನ್ ಹಿಡಿದು ನಿಂತಿದ್ದ. ಅದರಿಂದ ಗುರುಮಲ್ಲಪ್ಪನವರ ಬೈಗುಳ ನನಗೂ ಕೇಳುತ್ತಿತ್ತು. "ರೂಮು ಬಿಸಿಯಾಯ್ತಾ ಅದಂತೆ ಕಣ್ಲಾ! ಓಗಿ ನೋಡ್ಲಾ ಮೊದ್ಲು!"

"ಅಯ್ಯಯ್ಯೋ ಸಾ... ಒಳಗೇ ಇದ್ರಾ!"

ಅವನು ನನ್ನನ್ನು ತೋಳು ಹಿಡಿದು ಗೂಡಿನವರೆಗೆ ನಡೆಸಿಕೊಂಡು ಬಂದ. ಫ್ಲಾಸ್ಕಿನಲ್ಲಿದ್ದ ಟೀ ಕೊಟ್ಟ. ಅರ್ಧ ಲೋಟ ಕುಡಿದು ಕೇಳಿದೆ.

"ಬೆಲ್ ಕೇಳಿಸ್ತಾ ನಿಮಗೆ?"

"ಕೇಳ್ಸದೆ ಏನ್ ಸಾ. ಎರಡು ಸತಿ ಒಡೀತು."

"ಮತ್ತೆ ನಾನು ಒತ್ತಿದ್ದು ಅಂತ ಅನ್ನಿಸ್ಲಿಲ್ವಾ?"

"ನೀವು ಅಂತ ಎಂಗೆ ಅನ್ಕಳಾನ ಸಾ? ದಿನಾ ಒಡಿಯೋ ತರನೇ ಒಡೀತಲ್ಲ. ಅದ್ನೇ ಅಲ್ವಾ ನಾನು ಆಗ ಏಳಕ್ ಬಂದಿದ್ದು. ನೀವು ಬ್ಯಾಡ ಅಂದ್ರಿ." ಅವನು ಬಾಯಲ್ಲೇ ಹೊಡೆದು ತೋರಿಸಿದ. "ಟಿಣ್, ಟಿಣ್, ಟಿಣ್... ಟ್ರೀಈಈಣ್. ಈ ಅಮಾಸೆ ಮಾರ್ನೇ ದಿನದಿಂದ ಇಂಗೇ. ಇವತ್ಗೆ ಅದಿನೆಂಟು ದಿನ."

ಲೋಟವನ್ನು ಕೆಳಗಿಟ್ಟೆ. ಹದಿನೆಂಟು ದಿನ. ಆ ಚೇಂಬರಿನ ಹೆಸರನ್ನು ನಾನು ಮೊದಲು ಕೇಳಿದ್ದೇ ನಾಲ್ಕು ದಿನದ ಹಿಂದೆ.

ಅಲ್ಲಿ ಯಾರಾದರೂ ಸತ್ತಿದ್ದಾರಾ ಎಂದು ಆಮೇಲೆ ಸುತ್ತಮುತ್ತ ವಿಚಾರಿಸಿದೆ. ಯಾರೂ ಇಲ್ಲ. ಕಟ್ಟಡಕ್ಕೆ ಮೂರು ವರ್ಷ, ಅದಕ್ಕೆ ಮುಂಚೆ ಕಬ್ಬಿನ ಗದ್ದೆ. ಒಬ್ಬ ಹಮಾಲನ ಕಾಲು ಕೂಡ ಉಳುಕಿಲ್ಲ ಎಂದು ಗುರುಮಲ್ಲಪ್ಪನವರು ಆಣೆ ಹಾಕಿದರು. ಸತ್ತವರು ಯಾರಾದರೂ ಇದ್ದಿದ್ದರೆ ನನಗೆ ಒಂದು ಥರದ ನೆಮ್ಮದಿಯಾಗುತ್ತಿತ್ತು.

ಆ ರಾತ್ರಿ ಹೊರಡುವ ಮುಂಚೆ ಮಾದಯ್ಯನ ಕೈ ಹಿಡಿದು ಮಾತು ತೆಗೆದುಕೊಂಡಿದ್ದೆ. "ಇನ್ಮೇಲೆ ಬೆಲ್ ಹೊಡೆದ್ರೆ ಬಾಗಿಲು ತೆಗೀಬೇಕು. ನಿಮ್ಮ ಧಣಿ ಏನಾದ್ರೂ ಅನ್ಲಿ. ಖಾಲಿ ಅಂತ ಗೊತ್ತಿದ್ರೂ ತೆಗೀಬೇಕು. ಸುಮ್ನೆ ಇಣುಕಿದ್ರೆ ಸಾಲದು, ಒಳಗೋಗಿ ಮೂಲೆ ಮೂಲೆ ನೋಡ್ಬೇಕು."

"ಆಯ್ತು ಸಾ. ನಮ್ ಮಾದಪ್ಪನಾಣೆ."

ಅದಾದ ಮೇಲೆ ಬೆಲ್ ಸುಮ್ಮನಾಯಿತು. ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವೈರುಗಳು ಇನ್ನೂ ಗೋಡೆಯೊಳಗೇ ಇವೆ, ಯಾರೂ ಸೇರಿಸಿಲ್ಲ. ಕನೆಕ್ಟರ್ ನನ್ನ ಅಂಗಡಿಯ ಡ್ರಾದಲ್ಲಿದೆ. ಅದನ್ನು ಉಜ್ಜಿಲ್ಲ.

ಮನೆಯ ಬೆಲ್ಲನ್ನೂ ನಾನು ಒತ್ತುವುದಿಲ್ಲ, ಬಾಗಿಲಲ್ಲಿ ನಿಂತು ಫೋನ್ ಮಾಡುತ್ತೇನೆ. ಯಾಕೆ ಅಂತ ಸುಧಾ ಕೇಳಿದಳು, ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಅದಕ್ಕೆ ಮುಂಚಿನ ಹದಿನೇಳು ರಾತ್ರಿಯೂ ನೀವು ನನ್ನ ಪಕ್ಕದಲ್ಲೇ ಮಲಗಿದ್ರಲ್ಲ" ಎಂದಳು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹೋದ ವಾರ ಸಂಜೆ ಮಾದಯ್ಯನ ಫೋನ್ ಬಂತು.

"ಸಾ, ಬೆಲ್ಲು ತಿರ್ಗಾ ಸುರುವಾಗದೆ. ಮೂರು ದಿನಾಯ್ತು. ಕೊಟ್ ಮಾತಿನಂಗೆ ದಿನಾ ತೆಗ್ದು ಒಳೀಕೋಗಿ ನೋಡ್ತಾ ಇವ್ನಿ. ಕಾಲಿ ಸಾ. ಬರೀ ಕಾಯಿ."

"ಹೆಂಗೆ ಹೊಡೆಯುತ್ತೆ? ಆವತ್ತಿನ ಥರನೇನಾ?"

"ಇಲ್ಲ ಸಾ, ಈಗ ಬ್ಯಾರೆ ತರ. ಟ್ರಿಣ್ ಟ್ರಿಣ್... ಒಸಿ ತಡ್ದು, ಟ್ರಿಣ್ ಟ್ರಿಣ್. ಎಲ್ಲೋ ಕೇಳ್ದಂಗದೆ ಸಾ, ಗ್ಯಾನಕ್ಕೇ ಬತ್ತಿಲ್ಲ... ಇರಿ ಸಾ ಒಂದ್ ನಿಮ್ಸ, ನಾಯಿ ಕೂಳಾಕ್ಬುಟ್ ಬತ್ತೀನಿ."

ಫೋನನ್ನು ಹಾಗೇ ಇಟ್ಟು ಹೋದ. ಗೂಡಿನ ಹೊರಗೆ ಸೈಕಲ್ ಬೆಲ್ ಕೇಳಿಸಿತು. ಎರಡು ಸಲ. ತಡೆದು ಮತ್ತೆ ಎರಡು ಸಲ.

ಅವನು ವಾಪಸ್ ಬಂದು ಫೋನ್ ಎತ್ತಿಕೊಂಡ. ಅದು ತಾನೇ ದಿನಾ ಒತ್ತುವ ಬೆಲ್ಲಿನ ಥರ ಎಂದು ಅವನಿಗೆ ಗೊತ್ತಾಗಿಲ್ಲ. ನಮ್ಮ ಅಭ್ಯಾಸ ನಮಗೆ ಕೇಳಿಸುವುದಿಲ್ಲ ನೋಡಿ.

"ಮಾದಯ್ಯ, ಇನ್ಮೇಲೆ ಬಾಗಿಲು ತೆಗೀಬೇಡಿ. ರಾತ್ರಿ ಹೊತ್ತು ಒಳಗೆ ಹೋಗ್ಲೇಬೇಡಿ. ನಾನು ಹೇಳ್ತಿದ್ದೀನಲ್ಲ!"

"ನೀವೇ ಮಾತ್ ಇಸ್ಕೊಂಡ್ರಲ್ಲ ಸಾ" ಎಂದ ಅವನು, ಮಗುವಿಗೆ ಹೇಳುವ ಹಾಗೆ. "ನಾನ್ ತೆಗೀದೆ ಆವತ್ತು ನಿಮ್ಗೆ ಅಂಗಾಯ್ತು. ಇವತ್ತೂ ಒಳಗೆ ಯಾರಾರ ಇದ್ರೆ? ಬ್ಯಾಡ ಸಾ, ಪಾಪ ಸುತ್ಕತದೆ. ನಾನ್ ನೋಡೇ ನೋಡ್ತೀನಿ."

ಒಳಗಿನ ಹಿಡಿಕೆ ಹಾಕಿಸಿದರಾ ಎಂದು ಕೇಳಿದೆ. ಹೊಸದು ಬಂದು ಧಣಿಗಳ ಟೇಬಲ್ ಮೇಲಿದೆಯಂತೆ, ಹಾಕುವವರು ಸಿಕ್ಕಿಲ್ಲವಂತೆ. ಗುರುಮಲ್ಲಪ್ಪನವರಿಗೆ ಫೋನ್ ಮಾಡಿ ಕಿರುಚಾಡಿದೆ. "ಆಕ್ಸನ ಬುಡಪ್ಪ" ಎಂದರು. ಅರ್ಧ ಗಂಟೆಯ ಕೆಲಸ ಅದು, ನಾನೇ ಹೋಗಿ ಹಾಕಬಹುದು. ಎರಡು ಸಲ ಬೈಕು ಹತ್ತಿ ನರಸೀಪುರದವರೆಗೆ ಹೋದೆ. ಎರಡು ಸಲವೂ ಅಲ್ಲಿಯ ಹೊಳೆಯ ಸೇತುವೆಯ ಹತ್ತಿರ ನಿಂತು ವಾಪಸ್ ಬಂದೆ. ಬರೆಯಲು ನಾಚಿಕೆಯಾಗುತ್ತದೆ.

ನಾನು ಒಳಗಿದ್ದಾಗ ಬೆಲ್ ಕೇಳಲು ಹೊರಗೆ ಮಾದಯ್ಯನಾದರೂ ಇದ್ದ. ರಾತ್ರಿ ಹೊತ್ತು ಅಲ್ಲಿರುವುದು ಮಾದಯ್ಯ ಒಬ್ಬನೇ. ಅವನು ಒಳಗಿದ್ದಾಗ ಅದು ಹೊಡೆದರೆ ಕೇಳುವವರು ಯಾರು?

ಅದಕ್ಕೇ ಈಗ ದಿನಾ ರಾತ್ರಿ ಎರಡು ನಲವತ್ತಕ್ಕೆ ಅಲಾರಾಂ ಇಟ್ಟುಕೊಂಡು ಎದ್ದು ಅವನಿಗೆ ಫೋನ್ ಮಾಡುತ್ತೇನೆ. ಸುಧಾಳೂ ಎದ್ದು ಪಕ್ಕದಲ್ಲಿ ಕೂರುತ್ತಾಳೆ. ರಿಂಗ್ ಆಗುತ್ತದೆ... ಆಗುತ್ತಲೇ ಇರುತ್ತದೆ. ನಿನ್ನೆ ಅವನು ಎತ್ತಿಕೊಳ್ಳುವಷ್ಟರಲ್ಲಿ ಒಂದು ಸಲ ಪೂರ್ತಿ ರಿಂಗಾಗಿ ಕಟ್ಟಾಯಿತು. ಎರಡನೆಯ ಸಲಕ್ಕೆ ಎತ್ತಿದ.

"ಕಾಲಿ ಸಾ" ಎಂದ. "ಮನಿಕ್ಕಳಿ."

ಈಗ ರಾತ್ರಿ ಹನ್ನೊಂದು ಗಂಟೆ. ಹಿಡಿಕೆ ಇನ್ನೂ ಟೇಬಲ್ ಮೇಲೇ ಇದೆಯಂತೆ. ನಾಳೆ ಬೆಳಕಿರುವಾಗಲೇ ಹೊರಡುತ್ತೇನೆ ಎಂದು ಸುಧಾಗೆ ಹೇಳಿದ್ದೇನೆ. ಈ ಸಲ ಸೇತುವೆ ದಾಟುವವರೆಗೂ ಅವಳೂ ಜೊತೆಗೆ ಬರುತ್ತಾಳಂತೆ. ಅಲ್ಲಿಯವರೆಗೆ ಇನ್ನೊಂದು ರಾತ್ರಿ ಇದೆ. ಎರಡು ನಲವತ್ತಕ್ಕೆ ಫೋನ್ ಮಾಡಬೇಕು.